ಒಂಬತ್ತನೇ ಪುಟದ ತೂಕ

೧೯೫೬ರಲ್ಲಿ, ಏಳನೇ ಕ್ಲಾಸಿಗೇ ನಾನು ಓದು ನಿಲ್ಲಿಸಿದೆ. ಸಾಗರದ ಬಸ್ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಕೂಡಿಸುತ್ತ ಬೆಳೆದೆ. ೧೯೬೭ರಲ್ಲಿ ತೀರ್ಥಹಳ್ಳಿ ಕಡೆಯ ಒಡೆಯರೊಬ್ಬರು ತಮ್ಮ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಒಂದೇ ಸೀಟಿನ ವಿಮಾನ ಕಟ್ಟಲು ನನ್ನನ್ನು ಕರೆಸಿದರು. ಅವರು ಎಂಜಿನಿಯರಿಂಗ್ ಓದಿದವರು, ಬೆಂಗಳೂರಿನಲ್ಲಿ ವಿಮಾನ ಹಾರಿಸಲು ಕಲಿತವರು. ಕೈ ಮಸಿ ಮಾಡಿಕೊಂಡವನು ನಾನು.

ಹಾರಿಸುವ ಮೊದಲು ಪರೀಕ್ಷೆಯ ಯೋಜನೆ ಬರೆದು ಒಪ್ಪಿಸಬೇಕೆಂದು ವಿಮಾನ ಇಲಾಖೆಯ ಅಧಿಕಾರಿಯ ಕಾಗದ ಬಂತು.

"ನೀನೇ ಬರಿಯೋ. ಕೆಳಗೆ ನಿನ್ ಹೆಸ್ರೇ ಹಾಕಣ" ಎಂದರು ಒಡೆಯರು.

ನನ್ನ ಹೆಸರು! ಎರಡು ತಿಂಗಳು ಬರೆದೆ. ಅಡಿಕೆ ಮಂಡಿಯಿಂದ ತೂಕದ ಯಂತ್ರ ತರಿಸಿ ಒಂದೊಂದು ಚಕ್ರವನ್ನೂ ತೂಗಿದೆ. ಸೀಟಿನಲ್ಲಿ ಭತ್ತದ ಚೀಲವಿಟ್ಟು ಮತ್ತೆ ತೂಗಿದೆ. ಮೊದಲ ದಿನ ಕೊಯ್ಲಾದ ಗದ್ದೆಯಲ್ಲಿ ನಡಿಗೆಯ ವೇಗ, ಮರುದಿನ ಬಾಲ ಏಳುವಷ್ಟು, ಮೂರನೇ ದಿನ ಆಳೆತ್ತರದ ಒಂದು ಜಿಗಿತ ಎಂದು ಗೊತ್ತುಮಾಡಿದೆ. ದನ ಅಡ್ಡ ಬಂದರೆ ಏನು ಮಾಡಬೇಕೆಂಬುದನ್ನೂ ಬರೆದೆ. ಒಂಬತ್ತನೇ ಪುಟದಲ್ಲಿ, ಹಾರಿಸುವವರ ತೂಕ ಅರವತ್ತು ಕಿಲೋ ಮೀರಬಾರದು, ಮೀರಿದರೆ ಬಾಲ ಭಾರವಾಗಿ ವಿಮಾನ ಹತೋಟಿಗೆ ಸಿಗದು ಎಂದು ಬರೆದೆ.

ಒಡೆಯರು ಅದಕ್ಕಿಂತ ಬಹಳ ದಪ್ಪ. ಅದನ್ನು ಹೇಳಲೆಂದೇ ಕಂತೆ ಹಿಡಿದು ಹೋದೆ. ಅವರು ಕೊನೆಯ ಹಾಳೆ ಮಾತ್ರ ತಿರುಗಿಸಿ, ನನ್ನ ಹೆಸರಿಗೆ ಗೀಟೆಳೆದು, ತಮ್ಮದು ಬರೆದರು.

"ಏಳನೇ ಕ್ಲಾಸಿನೋನು ಬರ್ದಿದ್ದು ಅಂದ್ರೆ ಸಾಹೇಬ್ರು ಮುಖಕ್ಕೆ ಎಸೀತಾರೆ ಮಾರಾಯ."

"ಒಂದ್ಸಲ ಓದಿ ನೋಡಿ ಒಡೇರೆ."

"ನೀ ಬರ್ದಿದ್ದು ನಾ ಓದಿ ಕಲೀಬೇಕನಾ?"

ಗಿರಣಿಯವರೆಲ್ಲ ನಕ್ಕರು. ತೂಕದ ಮಾತು ಎತ್ತದೆ ನಾನು ಶೆಡ್ಡಿಗೆ ಹಿಂದಿರುಗಿದೆ.

ಹೊಸನಗರದ ಹತ್ತಿರದ ಗದ್ದೆಗೆ ಅಧಿಕಾರಿ ಬಂದ ದಿನ ಊರೇ ನೆರೆದಿತ್ತು. ಅವರು ಒಂಬತ್ತನೇ ಪುಟ ತೆಗೆದು, ಒಡೆಯರನ್ನು ಮಂಡಿಯ ಅದೇ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತಾರು ಕಿಲೋ.

"ಈ ಮಿತಿ ಹಾಕಿದ್ದು ತಾವೇ ಅಲ್ವೆ?"

"ಹೌ... ಹೌದು."

"ಲೆಕ್ಕ ಬಹಳ ಚೆನ್ನಾಗಿದೆ. ತಾವು ಹಾರಿಸೋ ಹಾಗಿಲ್ಲ."

ಅಡಿಕೆ ಮೂಟೆಯ ಹಾಗೆ ನಿಂತೇ ಇದ್ದರು ಒಡೆಯರು. ಈ ಸಲ ನಕ್ಕವರು ಊರಿನವರು. ಸಾಹೇಬರು ಹೋದ ಮೇಲೆ ಒಡೆಯರು ನನ್ನನ್ನು ಕರೆದರು.

"ಗೊತ್ತಿತ್ತೇನೋ ನಿಂಗೆ?"

"ಗೊತ್ತಿತ್ತು ಒಡೇರೆ. ಓದಿ ಅಂದಿದ್ನಲ್ಲ."

ಎಂಜಿನ್ನನ್ನು ಒಂದು ಗೇಣು ಮುಂದೆ ಸರಿಸಿ, ಮತ್ತೆ ತೂಗಿ ಬರೆದಿದ್ದರೆ ಆಗುತ್ತಿತ್ತು. ಅದೂ ನನಗೆ ಗೊತ್ತಿತ್ತು. ನಾನು ಸಾಗರಕ್ಕೆ ಮರಳಿದ ಮೇಲೆ ಒಡೆಯರು ಮೂರು ಸಲ ಹೇಳಿ ಕಳಿಸಿದರು. ಹೋಗಲಿಲ್ಲ. ವಿಮಾನ ಶೆಡ್ಡಿನಲ್ಲೇ ಉಳಿದು, ಅದರ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು ಎಂದು ಕೇಳಿ, ಆ ದಿನ ಎರಡು ತುತ್ತು ಹೆಚ್ಚು ಉಂಡೆ.

ಈಗ ಸಾಗರದಲ್ಲಿ ನನ್ನದೇ ಒಂದು ಗ್ಯಾರೇಜಿದೆ. ಎರಡು ಲೇತ್, ಆರು ಜನ ಕೆಲಸಗಾರರು, ಮತ್ತು ನನ್ನ ಹೆಸರಿರುವ, ಆ ಯೋಜನೆಯ ಹದಿನಾಲ್ಕು ಪುಟದ ಒಂದು ಕಾರ್ಬನ್ ಪ್ರತಿ.