ನಾನು ತಿದ್ದಿದ ‘ಲೇ’

ಇವತ್ತು ಬೆಳಿಗ್ಗೆ ಪಾಠಕ್ಕೆಂದು ಹಳೆಯ ಇಂಗ್ಲಿಷ್ ವ್ಯಾಕರಣ ಬಿಚ್ಚಿದರೆ, ನಾಲ್ಕು ಮಡಿಕೆಯ ಕಾಗದವೊಂದು ಜಾರಿ ಕಾಲ ಮೇಲೆ ಬಿತ್ತು. ಮೂಲೆಯಲ್ಲಿ ಕಷಾಯ ಚೆಲ್ಲಿದ ಕಂದು ಕಲೆ. ಮೂಗಿಗೆ ಹಿಡಿದೆ. ನೆಲಬೇವಿನ ಕಹಿ ವಾಸನೆ ಇನ್ನೂ ಇತ್ತು... ಅಥವಾ ಇದೆ ಎಂದು ನನ್ನ ಮೂಗೇ ಹಟ ಹಿಡಿಯಿತೋ ಏನೋ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕಾಗದದಲ್ಲಿದ್ದ ಒಂದೇ ಒಂದು ಪದ ತಿದ್ದಿ, ಒಬ್ಬ ಮನುಷ್ಯನ ಕೆಲಸ ಕಳೆದವನು ನಾನು. ತಿದ್ದುವಾಗ ಕಿಸಕ್ಕನೆ ನಕ್ಕಿದ್ದೆ ಕೂಡ.

ಏಳು ವರ್ಷದ ಹಿಂದೆ ಹೆಮ್ಮರಗಾಲದಿಂದ ನಂಜನಗೂಡಿನ ಈ ಸ್ಕೂಲಿಗೆ ಕಿರಿಯ ಮೇಷ್ಟ್ರಾಗಿ ಬಂದೆ. ನನಗೆ ಬರುತ್ತಿದ್ದ ವಿದ್ಯೆ ಎರಡೇ. ದುಂಡಗೆ ಬರೆಯುವುದು, ಕಂಡವರನ್ನೆಲ್ಲ ಅಣಕಿಸುವುದು. ಜವಾನನ ಕೆಮ್ಮು, ಅಮಲ್ದಾರರ ಕಚೇರಿಯ ಗುಮಾಸ್ತ ನಶ್ಯ ಏರಿಸುವ ಸದ್ದು, ಯಾವುದನ್ನೂ ಬಿಟ್ಟವನಲ್ಲ. ನಾನು ನನ್ನ ನಡಿಗೆಯನ್ನೇ ಅಣಕಿಸಿ ತೋರಿಸಿದ ದಿನ ಹುಡುಗನೊಬ್ಬ, “ಇದ್ಯಾವ ಪ್ರಾಣಿ ಸಾ?” ಎಂದು ಕೇಳಿದ್ದ.

ಇಂಗ್ಲಿಷ್ ಮೇಷ್ಟ್ರು ಮಾತ್ರ ನನ್ನ ಕೈಗೆ ಸಿಗುತ್ತಿರಲಿಲ್ಲ. ಅಣಕಿಸಲು ಅವರಲ್ಲಿ ಏನೂ ಇರಲಿಲ್ಲ. ಮೆತ್ತಗೆ ಮಾತು, ಒಗೆದ ಪಂಚೆ, ಮುಚ್ಚಿದ ಕೋಟು. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ನನ್ನನ್ನೂ ‘ನೀವು’ ಎನ್ನುತ್ತಿದ್ದರು. ಅವರಿಗೆ ಆಗದಿದ್ದ ಮಾತು ಒಂದೇ: ‘ಲೇ’. ನಮ್ಮ ಸೀಮೆಯಲ್ಲಿ ಆ ಮಾತಿಲ್ಲದೆ ದನವೂ ತಿರುಗಿ ನೋಡುವುದಿಲ್ಲ. ಆದರೆ ಹುಡುಗರು ‘ಲೇ’ ಎಂದು ಕೂಗಿದರೆ ಅವರು ಸೀಮೆಸುಣ್ಣ ಕೆಳಗಿಟ್ಟು, “ಯಾಕಪ್ಪ, ಅವನಿಗೆ ತಾಯಿ ಇಟ್ಟ ಹೆಸರಿಲ್ಲವೇ?” ಎನ್ನುವರು. ಹುಡುಗ ಅಲ್ಲೇ ಕುಗ್ಗಿಹೋಗುವನು.

ಆ ವರ್ಷ ಅವರು ತಮ್ಮ ಅಕ್ಕನನ್ನು ನೋಡಲು ತಿರುಮಕೂಡಲು ನರಸೀಪುರಕ್ಕೆ ಹೋದವರು ಚಳಿಜ್ವರ ಹಿಡಿದು ಎಂಟು ದಿನ ಅಲ್ಲೇ ಮಲಗಿಬಿಟ್ಟರು. ಸರಿಯಾಗಿ ಅದೇ ವಾರ ತನಿಖೆಯ ಸಾಹೇಬರು ಮೈಸೂರಿನಿಂದ ಇಳಿದರು. ಕುರ್ಚಿ ಖಾಲಿ. ಯಾಕೆ ಗೈರುಹಾಜರು ಎಂದು ಇಂಗ್ಲಿಷಿನಲ್ಲೇ ಸಮಜಾಯಿಷಿ ಕೊಡಬೇಕೆಂದು ಹುಕುಂ ಆಯಿತು.

ಮೇಷ್ಟ್ರು ಗಾಡಿಯಲ್ಲಿ ವಾಪಸು ಬಂದಾಗ ಕೈ ಇನ್ನೂ ನಡುಗುತ್ತಿತ್ತು. ಅಕ್ಕನ ಮನೆಯಲ್ಲೇ ಬರೆದಿಟ್ಟುಕೊಂಡಿದ್ದ ಕರಡನ್ನು ನನಗೆ ಕೊಟ್ಟು, “ನಿಮ್ಮ ಅಕ್ಷರ ಚೆನ್ನ, ಒಂದು ಶುದ್ಧಪ್ರತಿ ಮಾಡಿಕೊಡಿ ಮೇಷ್ಟ್ರೇ” ಎಂದರು.

ಕರಡಿನಲ್ಲಿ ‘ನಾನು ಎಂಟು ದಿನ ಜ್ವರದಲ್ಲಿ ಮಲಗಿದ್ದೆ’ ಎನ್ನುವುದಕ್ಕೆ ಅವರು ಬರೆದದ್ದು ‘ಐ ಲೇ’. ನಾನು ಅದನ್ನು ಗಟ್ಟಿಯಾಗಿ ಓದಿ, ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಲೇ ಎಂದರೆ ಮಕ್ಕಳನ್ನು ನಿಲ್ಲಿಸಿ ಬುದ್ಧಿ ಹೇಳುವವರು, ಸಾಹೇಬರಿಗೇ ‘ಐ, ಲೇ!’ ಎಂದು ಬರೆದಿದ್ದಾರಲ್ಲ! ಜ್ವರದ ತಲೆ, ಪಾಪ, ಎಂದುಕೊಂಡೆ. ಮಲಗುವುದು ‘ಲೈ’ ಆದರೆ, ಬಾಲಕ್ಕೊಂದು ‘ಡಿ’ ಹಚ್ಚಿದರೆ ಮಲಗಿದ್ದಾಯಿತು. ನನಗೆ ಗೊತ್ತಿದ್ದ ಭೂತಕಾಲ ಅಷ್ಟೇ. ದುಂಡಗೆ ‘ಲೈಡ್’ ಎಂದು ಬರೆದೆ. ಅವರು ಓದಲಿಲ್ಲ. ನನ್ನನ್ನು ನಂಬಿ ಸಹಿ ಹಾಕಿದರು.

ಹದಿನೈದು ದಿನಕ್ಕೆ ಜವಾನ ಓಡಿಬಂದ. “ಸಾ, ಸಾಯೇಬ್ರು ಬಂದವ್ರೆ, ಇಂಗ್ಲೀಸ್ ಮೇಷ್ಟ್ರುನ್ನ ಕರೀತಾವ್ರೆ. ಮಕ ಕೆಂಪ್‌ಗದೆ ಕಣ್ರೀ.” ನಾವೆಲ್ಲ ಗೋಡೆಗೆ ಸಾಲಾಗಿ ನಿಂತೆವು.

ಸಾಹೇಬರು ನಮ್ಮವರೇ, ಕನ್ನಡದವರೇ. ಕಾಗದ ಎತ್ತಿ ಹಿಡಿದು, ಆ ಒಂದು ವಾಕ್ಯವನ್ನು ಮೂರು ಸಲ ಓದಿದರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಕನ್ನಡದಲ್ಲಿ ಬಿಡಿಸಿದರು: “ಮಲಗಿದ್ದೆ ಅನ್ನೋದಕ್ಕೆ ‘ಲೇ’. ‘ಲೈಡ್’ ಅಂದರೆ ಸುಳ್ಳು ಹೇಳಿದೆ ಅಂತ. ಎಂಟು ದಿನ ಸುಳ್ಳು ಹೇಳಿದೆ ಅಂತ ಮೇಷ್ಟ್ರು ತಾವೇ ಬರೆದುಕೊಟ್ಟಿದ್ದಾರೆ. ಭೇಷ್!”

ಆ ‘ಭೇಷ್’ ನೆನೆದರೆ ಈಗಲೂ ನನ್ನ ಹಲ್ಲು ಕಟಕಟ ಎನ್ನುತ್ತದೆ. ಆ ಮನುಷ್ಯನಿಗೆ ಎಲ್ಲ ತಿಳಿದಿತ್ತು! ಎದುರಿಗೆ ನಿಂತವರ ಕಣ್ಣು ಹಳದಿ, ಕೋಟಿನೊಳಗೆ ಮೈಯೇ ಇಲ್ಲ. ಕುರುಡನಿಗೂ ಕಾಣುವ ಜ್ವರ ಆತನಿಗೆ ಕಾಣಲಿಲ್ಲ, ಒಂದು ‘ಡಿ’ ಕಂಡಿತು.

ಮೇಷ್ಟ್ರು ಕಾಗದ ಇಸಿದುಕೊಂಡು ನೋಡಿದರು. ಆ ಪದ ನೋಡಿದರು. ಆಮೇಲೆ, ಒಂದೇ ಒಂದು ಸಲ, ನನ್ನನ್ನು ನೋಡಿದರು. ಆ ‘ಐ ಲೇ’ ತೋರಿಸಿ ನಗಿಸಲೆಂದು ಉಳಿಸಿಕೊಂಡಿದ್ದ ಅವರ ಕರಡು ಆಗ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಎರಡು ಹೆಜ್ಜೆ ಮುಂದೆ ಬಂದು ಮೇಜಿನ ಮೇಲೆ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಊರನ್ನೆಲ್ಲ ಅಣಕಿಸುವ ನನ್ನ ಬಾಯಿಗೆ ಅವತ್ತು ನನ್ನ ದನಿಯೇ ಬರಲಿಲ್ಲ. ನನ್ನ ಕೆಲಸ ಹೋದರೆ ಎಂಬ ಹೆದರಿಕೆ... ಥೂ, ಅದನ್ನು ಹೆದರಿಕೆ ಎನ್ನಲೂ ನಾಚಿಕೆ.

“ಪದ ತಪ್ಪಾಗಿದೆ, ಸಹಿ ನನ್ನದು” ಎಂದರು ಮೇಷ್ಟ್ರು.

“ಹಾಗಾದರೆ ಎರಡರಲ್ಲಿ ಒಂದು ಆರಿಸಿಕೊಳ್ಳಿ” ಎಂದರು ಸಾಹೇಬರು, ಲೇಖನಿ ಅದ್ದಿಕೊಂಡು. “ಸುಳ್ಳುಗಾರ ಅಂತ ಬರೆಯಲೋ, ಇಂಗ್ಲಿಷ್ ಬಾರದವರು ಅಂತ ಬರೆಯಲೋ?”

“ಇಂಗ್ಲಿಷ್ ಬಾರದವನು ಅಂತಲೇ ಬರೆದುಕೊಳ್ಳಿ.”

ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವರು ಅವತ್ತು ಸಂಜೆಗೆ ಮುಂಚೆ ಕೊಡೆ ತೆಗೆದುಕೊಂಡು ಹೊರಟರು. ಅವರ ಕುರ್ಚಿಗೆ ಯಾರನ್ನು ಕೂರಿಸಿದರು ಗೊತ್ತೇ? ಅಕ್ಷರ ದುಂಡಗಿದೆ ಎಂದು ನನ್ನನ್ನು! ನಗಬೇಡಿ. ನಗುವ ಹಕ್ಕಿದ್ದರೆ ಅದು ಅವರೊಬ್ಬರಿಗೇ.

ಎರಡು ತಿಂಗಳು ಕಾದೆ. ಕಾದೆ ಎನ್ನುವುದೂ ಸುಳ್ಳು, ತಪ್ಪಿಸಿಕೊಂಡು ಓಡಾಡಿದೆ. ಕೊನೆಗೆ ಒಂದು ಭಾನುವಾರ, ಅವರು ಅಕ್ಕನ ಮನೆ ಸೇರಿದ್ದಾರೆಂದು ತಿಳಿದು, ನರಸೀಪುರದ ಗಾಡಿ ಹತ್ತಿದೆ. ಅಕ್ಕ ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದರು. ನಾನು ಯಾರೆಂದು ತಿಳಿಯದೆ, ನೀರು ಕೊಟ್ಟು ಹೇಳಿಕೊಂಡರು: “ಎಂಟು ದಿವ್ಸ ಮಗ್ಗುಲು ಮಗುಚ್ನಿಲ್ಲ ಕಣಪ್ಪಾ, ನಾನೇ ಕಷಾಯ ಕುಡ್ಸಿದ್ದು. ಅಂತೋನ್ಗೆ ಸುಳ್ಳು ಅಂತ ಬರುದ್ರಲ್ಲ, ಆ ಬರ್ದ ಕೈ ಸೇದೋಗ!” ನಾನು ಅದೇ ಕೈಯಲ್ಲಿ ಚೊಂಬು ಹಿಡಿದು ಗಟಗಟ ಕುಡಿದೆ.

ಮೇಷ್ಟ್ರು ಜಗುಲಿಯ ಮೇಲೆ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಬರೀ ಮಗ್ಗಿ, ಬರೀ ಕನ್ನಡ. ಇಂಗ್ಲಿಷ್ ಬಾರದವನು ಎಂದು ಒಪ್ಪಿಕೊಂಡ ಮೇಲೆ ಕಲಿಸಬಾರದಲ್ಲ! ಅವತ್ತು ಇದು ನನ್ನ ಜೇಬಿನಲ್ಲೇ ಇತ್ತು ಎಂದು ಕರಡನ್ನು ಅವರ ಮುಂದಿಟ್ಟೆ. ಸಾಹೇಬರ ಮುಂದೆ ಹೋಗಿ ನಾನೇ ತಿದ್ದಿದ್ದು ಎನ್ನುತ್ತೇನೆ ಎಂದೆ, ತಡವರಿಸುತ್ತ. ಅವರು ಕಾಗದ ಮುಟ್ಟಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿದರು. “ಅವತ್ತು ಹೇಳಬಹುದಿತ್ತು” ಎಂದಷ್ಟೇ ಅಂದರು. ನಾನು ಸುಮ್ಮನಿರದೆ, “ನನಗೆ ‘ಲೈಡ್’ ಅನ್ನೋದರ ಅರ್ಥವೇ ಗೊತ್ತಿರಲಿಲ್ಲ ಸಾ” ಎಂದುಬಿಟ್ಟೆ. ಅದಕ್ಕೆ ಅವರು ಒಂದು ಉತ್ತರ ಕೊಟ್ಟರು. ಕಾಗದ ಎತ್ತಿಕೊಂಡು ಇಳಿದು ಬಂದೆ.

ಎರಡು ವರ್ಷದ ಮೇಲೆ ಅದೇ ಜ್ವರ ಮತ್ತೆ ಬಂದು ಅವರನ್ನು ಕರೆದುಕೊಂಡು ಹೋಯಿತು. ಗಾಡಿಯವನು ಹೇಳಿದ್ದು, ಆಗಲೇ ಹನ್ನೊಂದು ದಿನ ಕಳೆದಿತ್ತು...

ಇವತ್ತು ಬೋರ್ಡಿನ ಮೇಲೆ ‘ಲೈ, ಲೇ, ಲೇನ್’ ಎಂದು ಬರೆದೆ. ಹುಡುಗರು ‘ಲೇ’ ಎಂದು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ನಾನು ಸೀಮೆಸುಣ್ಣ ಕೆಳಗಿಟ್ಟೆ. ಯಾರ ದನಿಯಾದರೂ ನನಗೆ ಬರುತ್ತದೆ, ಅವರದೊಂದು ಬಿಟ್ಟು. ಅದು ಅವರ ಬಾಯಲ್ಲಿ ಕೇಳಿದ ಹಾಗೆಯೇ ಕಿವಿಯಲ್ಲಿದೆ. ಹುಟ್ಟಿದಾರಭ್ಯ ಯಾರಿಗೂ ಆ ಮಾತಾಡದವರು, ಜಗುಲಿಯ ಮೇಲಿಂದ ನನ್ನನ್ನೇ ನೋಡುತ್ತ ಅಂದದ್ದು:

“ಜೇಬಿನಲ್ಲಿ ಇದನ್ನ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ನಿಂತಿದ್ದೆಯಲ್ಲ ಲೇ, ಅದರ ಹೆಸರೇ ‘ಲೈಡ್’.”