ಬಿಸಿ ರೊಟ್ಟಿಗೊಂದು ಇಂಗ್ಲಿಷ್ ವಾಕ್ಯ

ಬೆಂಗಳೂರಿನ ಹೇರೋಹಳ್ಳಿಯ ಆ ಪುಟ್ಟ ಖಾನಾವಳಿಯಲ್ಲಿ ಬೆಳಗಿನ ಐದೂವರೆಗೇ ಟಪಟಪ ಸದ್ದು. ಭುವನೇಶ್ವರಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಎದುರಿನ ಬೆಂಚುಗಳಲ್ಲಿ ಡೆಲಿವರಿ ಕೆಲಸದವರು, ಪಾಳಿ ಮುಗಿಸಿ ಬಂದ ಸೆಕ್ಯುರಿಟಿಯವರು ತಟ್ಟೆ ಹಿಡಿದು ಕೂತಿದ್ದಾರೆ. ಆದರೆ ಇಲ್ಲಿ ರೊಟ್ಟಿ ಸುಮ್ಮನೆ ಸಿಗುವುದಿಲ್ಲ ಸ್ವಾಮಿ! ಒಂದು ಇಂಗ್ಲಿಷ್ ವಾಕ್ಯ ಹೇಳಿದವರಿಗೆ ಮಾತ್ರ ಮೊದಲ ಬಿಸಿ ರೊಟ್ಟಿ.

ಇವತ್ತಿನ ಪಾಠ, ಮುಂದೆ ಏನಾಗುತ್ತದೆಂದು ಹಿಂದೊಮ್ಮೆ ಅಂದುಕೊಂಡಿದ್ದನ್ನು ಹೇಳುವುದು. “ನಾ ಬರಾಂವ ಇದ್ದೆ ಅಂತೀವಲ್ಲ, ಅದ ಇದು. ಬರಬೇಕಂತ ಮನಸಿನ್ಯಾಗಿತ್ತು. ಬಂದ್ವೋ ಬಿಟ್ವೋ, ಅದು ಆಮ್ಯಾಲಿನ ಮಾತು. ಇಂಗ್ಲಿಷ್‌ನ್ಯಾಗ ‘ವಾಸ್ ಗೋಯಿಂಗ್ ಟು’ ಅನ್ರಿ,” ಎನ್ನುತ್ತಾರೆ ಅವರು, ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತಾ.

ಬೈಕಿನಲ್ಲಿ ಊಟ ತಲುಪಿಸುವ ಫಕೀರೇಶ ಎದ್ದು ನಿಲ್ಲುತ್ತಾನೆ. “ಐ ವಾಸ್ ಗೋಯಿಂಗ್ ಟು ಜಾಯಿನ್ ಪೊಲೀಸ್!” ಎತ್ತರ ಎರಡು ಸೆಂಟಿಮೀಟರ್ ಕಡಿಮೆ ಬಿತ್ತಂತೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ರೊಟ್ಟಿ ತಟ್ಟೆಗೆ ಬೀಳುತ್ತದೆ.

ಭುವನೇಶ್ವರಿಗೆ ನಲವತ್ತಾರು. ಊರು ಗದಗದ ಹತ್ತಿರ. ಪಿಯುಸಿ ಮುಗಿದು ಶಿಕ್ಷಕರ ತರಬೇತಿಗೆ ಸೀಟೂ ಸಿಕ್ಕಿತ್ತು. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರು, ಇವರು ಮನೆಯಲ್ಲೇ ಉಳಿದರು. ಟೈಲ್ಸ್ ಹಾಕುವ ಗಂಡ ಭರಮಪ್ಪನ ಜೊತೆ ಬೆಂಗಳೂರಿಗೆ ಬಂದು ಹತ್ತೊಂಬತ್ತು ವರ್ಷ. ದಿನಕ್ಕೆ ನೂರ ನಲವತ್ತು ರೊಟ್ಟಿ, ಅದರ ಜೊತೆಗೆ ನಾಲ್ಕು ವರ್ಷದಿಂದ ಈ ಪಾಠ. ಇಲ್ಲಿ ನಾಲಿಗೆ ತಿರುಗಿಸಲು ಕಲಿತ ಹನ್ನೊಂದು ಜನ ಆಫೀಸು ಕೆಲಸ ಹಿಡಿದಿದ್ದಾರೆ. ಇದು ಇಷ್ಟು ದಿನ ಯಾವ ಪೇಪರಿನಲ್ಲೂ ಬಂದಿಲ್ಲವೆಂದರೆ ನಾಚಿಕೆಯಾಗಬೇಕಾದ್ದು ಪತ್ರಿಕೆಯವರಾದ ನಮಗೇ.

ಇವತ್ತು ಹತ್ತು ಗಂಟೆಗೆ ಅವರದೇ ಪರೀಕ್ಷೆ. ಶ್ರೀಗಂಧದ ಕಾವಲಿನ ಟ್ರಸ್ಟೊಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಸಂಜೆ ಇಂಗ್ಲಿಷ್ ತರಗತಿ ಶುರುಮಾಡುತ್ತಿದೆ. ಡಿಗ್ರಿ ಬೇಕಿಲ್ಲ, ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. “ಎದಿ ಡವಡವ ಅನ್ನಾಕತ್ತೈತ್ರಿ. ಇದು ತಪ್ಪಿದ್ರ ಮತ್ತ ಇಂಥಾದ್ದು ನನಗ ಸಿಗೂದಿಲ್ಲ,” ಎನ್ನುತ್ತಾರೆ.

ವಿಜಯನಗರದ ಅಪಾರ್ಟ್‌ಮೆಂಟೊಂದರ ಸೆಕ್ಯುರಿಟಿ ಚಕ್ರಪಾಣಿ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. “ನಾವ್ಯಾರೂ ತಿನ್ನಲ್ಲ ಕಣಮ್ಮ. ನಾಲ್ಕು ವರ್ಷದಿಂದ ನಮ್ಮ ಬಾಯಿ ಬಿಡಿಸ್ತಿದೀರ, ನಿಮ್ಮ ವಾಕ್ಯ ಒಂದ್ಸಲನೂ ಕೇಳಿಲ್ಲ. ಹೇಳಿ ನೋಡೋಣ!”

ಬಡಿಯುವ ಕೈ ನಿಲ್ಲುತ್ತದೆ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಯಾರಿಗೂ ಲಕ್ಷ್ಯವಿಲ್ಲ. “ಐ ವಾಸ್ ಗೋಯಿಂಗ್ ಟು ಬಿ ಎ ಟೀಚರ್,” ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬುತ್ತದೆ. ಫಕೀರೇಶ ಶಿಳ್ಳೆ ಹಾಕುತ್ತಾನೆ. “ಹತ್ತಕ್ಕ ನಾನ ಕರಕೊಂಡು ಹೊಕ್ಕೀನಿ, ಅಕ್ಕಾರ!”

ಹತ್ತಕ್ಕೆ ಟ್ರಸ್ಟಿನ ಕೋಣೆಯಲ್ಲಿ, ಬಿಳಿ ಬೋರ್ಡಿನ ಮುಂದೆ, ಮೂವರು ಪರೀಕ್ಷಕರ ಎದುರು, ಅಯ್ಯೋ, ಪಾಠ ಶುರುವಾಗುವುದೇ ಇಲ್ಲ! ಭುವನೇಶ್ವರಿ ಮಾರ್ಕರಿನಲ್ಲಿ ಒಂದು ವಾಕ್ಯ ಬರೆದು ಒರೆಸುತ್ತಾರೆ, ಮತ್ತೆ ಬರೆದು ಮತ್ತೆ ಒರೆಸುತ್ತಾರೆ. ಎರಡು ನಿಮಿಷ ಹಾಗೇ ಕಳೆಯುತ್ತದೆ. ಕೊನೆಗೆ ಮಾರ್ಕರ್ ಕೆಳಗಿಟ್ಟು, ಎದುರಿಗಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿ ವಿಮಲಮ್ಮನವರನ್ನೇ ಕೇಳಿಬಿಡುತ್ತಾರೆ: “ಮೇಡಂ, ಹದಿನೆಂಟನೇ ವಯಸ್ಸಿನ್ಯಾಗ ನೀವು ಏನಾಗಾವ್ರಿದ್ರಿ? ಇಂಗ್ಲಿಷ್‌ನ್ಯಾಗ ಹೇಳ್ರಿ.”

ವಿಮಲಮ್ಮ ತಬ್ಬಿಬ್ಬಾಗುತ್ತಾರೆ. ಆಮೇಲೆ, “ಐ ಥಾಟ್ ಐ ವುಡ್ ಫ್ಲೈ ಏರೋಪ್ಲೇನ್ಸ್!” ಎಂದು ಬಿದ್ದು ಬಿದ್ದು ನಗುತ್ತಾರೆ. ಉಳಿದಿಬ್ಬರದೂ ನಾ ಮುಂದು ತಾ ಮುಂದು. ಹತ್ತು ನಿಮಿಷದ ಪಾಠ ನಲವತ್ತು ನಿಮಿಷ ಎಳೆಯುತ್ತದೆ. “ಸೋಮವಾರದಿಂದಲೇ ಬಂದ್ಬಿಡಿ,” ಎನ್ನುತ್ತಾರೆ ವಿಮಲಮ್ಮ.

ಹೊರಗೆ ಬಂದ ಭುವನೇಶ್ವರಿಯನ್ನು ಇನ್ನೇನು ಬೇಕೆಂದು ಕೇಳಿದರೆ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಾರೆ: “ಹಾಜರಿ ಪುಸ್ತಕದಾಗ ಟೀಚರ್ ಹೆಸರು ಬರಿಯೂ ಜಾಗ ಇರ್ತೈತಲ್ರಿ, ಅಲ್ಲಿ ನನ್ನ ಹೆಸರು ನಾನ ಬರೀಬೇಕು. ಬ್ಯಾರೆ ಏನೂ ಬ್ಯಾಡ.”