ಎಡ ಅಂಚಿನ ಕೆಂಪು ದಾರ

ಬೆಡ್‌ಶೀಟಿನ ಮೇಲಂಚನ್ನು ಕಿಟಕಿಯ ಎರಡು ಮೊಳೆಗಳಿಗೆ ಸಿಕ್ಕಿಸಿ, ಕೆಳಗಿನ ಅಂಚಿನ ಮೇಲೆ ಬಟ್ಟೆ ಸುತ್ತಿದ ಇಟ್ಟಿಗೆ ಹೇರಿ, ಸೂಜಕ್ಕ ತೂತು ಎಣಿಸುತ್ತಿದ್ದಾರೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ನೆಲಮಾಳಿಗೆಯ ಈ ಕೋಣೆಗೆ ಇರುವುದು ಇದೊಂದೇ ಕಿಟಕಿ. ಬಟ್ಟೆಯ ಹಿಂದಿನಿಂದ ಬೆಳಕು ಬಂದರೆ ಸಾಸಿವೆಯಷ್ಟು ತೂತೂ ಎದ್ದು ಕಾಣುತ್ತದೆ. “ಒಂದು, ಎರಡು, ಇಲ್ಲೊಂದು ಬೀಡಿ ಕಿಡಿ ಬಿದ್ದದ್ದು. ಆಸ್ಪತ್ರೇಲಿ ಮಲಗಿದ್ರೂ ಚಟ ಬಿಡಲ್ಲ ನೋಡಿ ಅಮ್ಮ,” ಎನ್ನುತ್ತಾ ಬಳಪದಲ್ಲಿ ಗುರುತು ಹಾಕುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲೆಂದು ಬಂದು ಬಲಕ್ಕೆ ಕೂತಿರುವ ನಾನು, ಸರಿ, ಮುಗಿಯಿತು ಅಂದುಕೊಂಡೆ. ಅವರು ಬೆಡ್‌ಶೀಟು ಕಳಚಿ, ತಲೆಕೆಳಗು ಮಾಡಿ, ಮತ್ತೆ ಅದೇ ಮೊಳೆಗಳಿಗೆ ಸಿಕ್ಕಿಸುತ್ತಾರೆ. ಇನ್ನೂ ಮೂರು ತೂತು ಸಿಗುತ್ತವೆ. ಅವು ಮೊದಲೂ ಅಲ್ಲೇ ಇದ್ದವು, ನನಗೆ ಕಂಡಿದ್ದವು. ಅವರಿಗೆ ಕಂಡಿರಲಿಲ್ಲ.

ಕಣ್ಣಿನ ದೋಷವಲ್ಲ ಇದು. ಮಿಷನ್ನಿನ ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸುತ್ತಾರೆ, ಕನ್ನಡಕವೂ ಇಲ್ಲ. ಒಂಬತ್ತು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದಾಗ ತಲೆಯ ಬಲಭಾಗಕ್ಕೆ ಪೆಟ್ಟಾಯಿತು. ಅಂದಿನಿಂದ ಲೋಕದ ಎಡಭಾಗ ಅವರ ಗಮನಕ್ಕೆ ಬರುವುದಿಲ್ಲ. “ಕತ್ತಲೆ ಅಲ್ಲಮ್ಮ. ಕತ್ತಲೆ ಆಗಿದ್ರೆ ಕತ್ತಲೆ ಇದೆ ಅಂತಾದ್ರೂ ಗೊತ್ತಾಗ್ತಿತ್ತು. ಆ ಕಡೆ ಅನ್ನೋದೊಂದು ಇದೆ ಅಂತ್ಲೇ ತಲೆಗೆ ಹೊಳೆಯಲ್ಲ.” ತಟ್ಟೆಯಲ್ಲಿ ಬಲಗಡೆಯ ಅನ್ನ ಮುಗಿದರೆ ಊಟ ಮುಗಿಯಿತು ಅಂದುಕೊಳ್ಳುತ್ತಾರೆ. ಒಂದೇ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದದ್ದೂ ಉಂಟು. ಎಡಕ್ಕೆ ಹೋಗಬೇಕಾದರೆ ಬಲಕ್ಕೇ ಮುಕ್ಕಾಲು ಸುತ್ತು ಹಾಕುತ್ತಾರೆ. ಈಗಲೂ ಹಾಗೇ ಸುತ್ತುತ್ತಿದ್ದಾರೆ.

“ಏನ್ ಸೂಜಕ್ಕ, ಬೆಳಗ್ಗೆ ಬೆಳಗ್ಗೆನೇ ಬುಗುರಿ ಆಡ್ತಿದ್ದೀಯ?” ಪಕ್ಕದ ಲಾಂಡ್ರಿಯ ಮೇಸ್ತ್ರಿ ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ಬಂದವರು ಕೇಳುತ್ತಾರೆ.

“ನಿಮ್ಮ ಮುಖ ಎಡಗಡೆ ಬಂದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ ಪರೀಕ್ಷೆ ಮಾಡ್ತಿದ್ದೆ ಮೇಸ್ತ್ರಿ. ಈಗ ಕಾಣ್ತಿಲ್ಲ. ಬಹಳ ಚೆನ್ನಾಗಿದೆ.”

ಮೇಸ್ತ್ರಿ ನಗುತ್ತಾ ಗಾಡಿಯನ್ನು ಅವರ ಬಲಕ್ಕೇ ತಂದು ನಿಲ್ಲಿಸುತ್ತಾರೆ. ಏಳು ವರ್ಷದಿಂದ ಅಲ್ಲೇ ನಿಲ್ಲಿಸುತ್ತಿದ್ದಾರೆ. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ.

ಸೂಜಕ್ಕನಿಗೆ ನಲವತ್ತಾರು ವಯಸ್ಸು. ಬೆಳಗಿನ ಐದೂವರೆಗೆ ಬಂದರೆ ಮಧ್ಯಾಹ್ನ ಒಂದರವರೆಗೆ ಅರವತ್ತು ಬೆಡ್‌ಶೀಟು, ಇಪ್ಪತ್ತು ದಿಂಬಿನ ಕವರು, ಹತ್ತು ಹನ್ನೆರಡು ಗೌನು ಅವರ ಕೈ ದಾಟುತ್ತವೆ. ಸಣ್ಣ ತೂತಿಗೆ ರಫು, ದೊಡ್ಡದಕ್ಕೆ ತೇಪೆ. ತೇಪೆಯ ಹೊಲಿಗೆ ಗಂಟಿಲ್ಲದೆ ಚಪ್ಪಟೆಯಾಗಿರಬೇಕು. ತಿಂಗಳುಗಟ್ಟಲೆ ಮಲಗಿದವರ ಬೆನ್ನಿಗೆ ಒಂದು ಗಂಟು ಒತ್ತಿದರೂ ಹುಣ್ಣಾಗುತ್ತದೆ. “ಆ ಹುಣ್ಣು ನನಗೂ ಆಗಿತ್ತು. ಅದಕ್ಕೇ ಹೊಲಿದ ಮೇಲೆ ನನ್ನ ಕೆನ್ನೆಗೆ ಒರೆಸಿ ನೋಡ್ತೀನಿ. ಬಲಗೆನ್ನೆಗೆ!”

ಎಡಗೈ ಮಡಿಲಲ್ಲಿ ಬಿದ್ದಿರುತ್ತದೆ. ಬಟ್ಟೆ ಹಿಡಿಯುವ ಅದರ ಕೆಲಸವನ್ನು ಇಟ್ಟಿಗೆ ಮಾಡುತ್ತದೆ. ಆ ಕೈಗೆ ಬಲವಿಲ್ಲ, ಉರಿ ಮಾತ್ರ ಇದೆ. ಬೆರಳ ತುದಿಯಿಂದ ಭುಜದವರೆಗೆ ಖಾರದ ಪುಡಿ ಹಚ್ಚಿದ ಹಾಗೆ. ಫ್ಯಾನಿನ ಗಾಳಿ ಸೋಕಿದರೂ ಹಲ್ಲು ಕಚ್ಚುತ್ತಾರೆ. ಆದ್ದರಿಂದ ಈ ಕೋಣೆಯಲ್ಲಿ ಫ್ಯಾನು ಹಾಕುವುದಿಲ್ಲ. “ತಮಾಷೆ ನೋಡಿ. ಕೈ ನಂದು ಅನ್ನೋದೇ ಮರೆತುಹೋಗುತ್ತೆ. ಬಾಗಿಲಿಗೆ ಸಿಕ್ಕಿಸ್ಕೊಂಡ್ರೂ ಗೊತ್ತಾಗಲ್ಲ. ನೋವು ಮಾತ್ರ ನಂದೇ. ಅದೊಂದು ದಿನವೂ ದಾರಿ ತಪ್ಪಿ ಬೇರೆಯವರ ಮನೆಗೆ ಹೋಗಿಲ್ಲ.” ಹನ್ನೊಂದು ಗಂಟೆಗೆ ತಲೆ ಭಾರವಾಗುತ್ತದೆ, ಮಾತು ತಡವರಿಸುತ್ತದೆ. ಆಗ ಹತ್ತು ನಿಮಿಷ ಬಟ್ಟೆ ಗಂಟುಗಳ ನಡುವೆ ಕಣ್ಣು ಮುಚ್ಚಿ ಕೂರುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಕೆಲಸ ಹೋಗುವುದರಲ್ಲಿತ್ತು. ನಲವತ್ತು ಬೆಡ್‌ಶೀಟು ಹೊಲಿದು, ಮಡಿಸಿ, ಹೆಮ್ಮೆಯಿಂದ ಮೇಲೆ ಕಳಿಸಿದ್ದರು. ಅರ್ಧ ಗಂಟೆಯಲ್ಲಿ ಎಲ್ಲವೂ ವಾಪಸು ಬಂದವು. ನಲವತ್ತಕ್ಕೆ ನಲವತ್ತೂ ಬಲಗಡೆ ಹೊಸದರಂತೆ, ಎಡಗಡೆ ಜರಡಿ. ವಿಷಯ ಕೇಳಿ ಮಹಡಿಯಿಂದ ಇಳಿದು ಬಂದವರು ಅವರಿಗೆ ವ್ಯಾಯಾಮ ಮಾಡಿಸುತ್ತಿದ್ದ ಥೆರಪಿ ಮೇಡಂ. ಬೈಯಲಿಲ್ಲ, ಒಂದು ಉಂಡೆ ಕೆಂಪು ದಾರ ಕೇಳಿದರು. ಬೆಡ್‌ಶೀಟಿನ ಎಡ ಅಂಚಿನುದ್ದಕ್ಕೂ ದಪ್ಪ ದಪ್ಪ ಹೊಲಿಗೆ ಹಾಕಿ, “ಕೆಂಪು ಕಾಣೋ ತನಕ ಹುಡುಕ್ತಾ ಹೋಗು. ಕೆಂಪು ಸಿಗಲಿಲ್ಲ ಅಂದ್ರೆ ಇನ್ನೂ ಬಟ್ಟೆ ಇದೆ ಅಂತ ಅರ್ಥ,” ಅಂದರು. ಇಂದಿಗೂ ಅದೇ ಕ್ರಮ. ಮೊದಲು ತಿರುಗಿಸಿ ತೂತು ಗುರುತಿಸುವುದು, ಆಮೇಲೆ ಕೆಂಪು ಹಾಕಿ ಹೊಲಿಯುವುದು, ಕೊನೆಗೆ ಕೆಂಪನ್ನು ಎಳೆದು ತೆಗೆಯುವುದು. ಆಸ್ಪತ್ರೆಯ ರೋಗಿಗಳಾರೂ ಆ ಕೆಂಪನ್ನು ಕಂಡಿಲ್ಲ.

ಹೊಲಿಗೆ ಕಲಿತದ್ದು ಅಕ್ಕನ ಜೊತೆ. ತಂದೆತಾಯಿ ಬೇಗ ಹೋದರು. ಅಕ್ಕ ತಂಗಿ ಇಬ್ಬರೇ, ಮದುವೆ ಗೊಡವೆಗೆ ಹೋಗದೆ, ಒಂದು ಕೋಣೆಯಲ್ಲಿ ಟೈಲರಿಂಗ್ ಅಂಗಡಿ ನಡೆಸುತ್ತಿದ್ದರು. ಅಕ್ಕ ಕತ್ತರಿ, ತಂಗಿ ಮಿಷನ್ನು. ಅಕ್ಕನ ಮೇಜು ಮಿಷನ್ನಿನ ಎಡಕ್ಕೆ. ಕತ್ತರಿಸಿದ ತುಂಡುಗಳು ಅಲ್ಲಿಂದ ತಾನಾಗಿ ಕೈಗೆ ಬರುತ್ತಿದ್ದವು. ಅವತ್ತು ಬಟ್ಟೆ ತರಲು ಹೊರಟಾಗ ಸ್ಕೂಟರು ಓಡಿಸಿದ್ದು ಅಕ್ಕ. ತಿರುವಿನಲ್ಲಿ ಮರಳು ಹರಡಿತ್ತು. ಅಕ್ಕನಿಗೆ ಮೊಣಕೈ ತರಚಿತು. ತಂಗಿಗೆ ಇಪ್ಪತ್ತಮೂರು ದಿನ ಪ್ರಜ್ಞೆ ಬರಲಿಲ್ಲ.

“ಎಚ್ಚರ ಆದ್ಮೇಲೆ ನನಗೆ ವಿಪರೀತ ಸಿಟ್ಟು. ತಲೆಗೆ ಪೆಟ್ಟು ಬಿದ್ರೆ ಹಾಗೇ ಅಂತೆ. ಬಿದ್ದಿದ್ದಕ್ಕಲ್ಲ ಸಿಟ್ಟು. ಅಕ್ಕ ನನ್ನ ನೋಡೋಕೆ ಬರ್ತಾನೇ ಇಲ್ಲ ಅಂತ. ಎಲ್ಲಿಂದಲೋ ಅವಳ ಧ್ವನಿ ಕೇಳಿದ ಹಾಗಾಗ್ತಿತ್ತು, ನೋಡಿದ್ರೆ ಯಾರೂ ಇಲ್ಲ. ಮನೆಗೆ ಕರ್ಕೊಂಡು ಬಂದು ತುತ್ತು ಕೊಟ್ಟು ನೋಡ್ಕೊಂಡ್ಳು, ಸುಳ್ಳು ಹೇಳಬಾರದು. ಆದ್ರೆ ಒಂದಿನ ಅಂದುಬಿಟ್ಟೆ, ‘ಗಾಡಿಯಿಂದ ಬೀಳಿಸಿದ್ದೂ ಅಲ್ಲದೆ ಸಾಯ್ತಿದ್ದಾಗ ನೋಡೋಕೂ ಬರಲಿಲ್ಲ ನೀನು.’ ‘ದಿನಾ ಪಕ್ಕದಲ್ಲೇ ಕೂತಿದ್ದೆ ಕಣೇ’ ಅಂದ್ಳು. ‘ಸುಳ್ಳಿ’ ಅಂದೆ.” ಅದಾದ ವಾರಕ್ಕೆ ಅಕ್ಕ ಬೇರೆ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿ ಕೆಲಸ ಹಿಡಿದು ಹೋದಳು. ಎರಡು ತಿಂಗಳಿಗೆ ಒಂದು ಕಾಗದ ಬಂತು. ಅದರಲ್ಲಿ ಸೂಜಕ್ಕ ಓದಿದ್ದು ಇಷ್ಟು: ‘ನಾನು ಅಲ್ಲಿಗೆ ಬರುವುದಿಲ್ಲ. ಇಲ್ಲಿಗೆ ಬರಬೇಡ. ಇಬ್ಬರಿಗೂ ಒಳ್ಳೆಯದು.’ ಕೆಳಗೆ ಐದೇ ಅಂಕಿಯ ಫೋನ್ ನಂಬರು. ನಂಬರನ್ನೂ ಪೂರ್ತಿ ಕೊಡಲಿಲ್ಲವಲ್ಲ ಎಂದು ಕಾಗದವನ್ನು ಮಿಷನ್ನಿನ ಡ್ರಾಯರಿಗೆ ತುರುಕಿದರು. ಅಂಗಡಿ ಮುಚ್ಚಿ, ಆ ಮಿಷನ್ನನ್ನೇ ಹೊತ್ತು ತಂದು ಇಲ್ಲಿ ಕೆಲಸಕ್ಕೆ ಸೇರಿದರು.

ಹೋದ ವರ್ಷ ಡ್ರಾಯರು ಕಚ್ಚಿಕೊಂಡಿತು. ಮೇಸ್ತ್ರಿ ಅದನ್ನು ಕಿತ್ತು ಕೊಟ್ಟಾಗ ಹಳೇ ಬಾಬಿನ್‌ಗಳ ಅಡಿಯಿಂದ ಕಾಗದ ಮೇಲೆ ಬಂತು. ಮೇಜಿನ ಮೇಲೆ ಬಿಳಿ ಏನಾದರೂ ಹಾಸಿದರೆ ಎಡಕ್ಕೆ ಕೆಂಪು ದಾರ ಇಡುವುದು ಅಷ್ಟು ಹೊತ್ತಿಗೆ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಇಟ್ಟರು. ಕೆಂಪಿನಿಂದ ಓದತೊಡಗಿದರು.

ಆ ಕಾಗದವನ್ನು ಅವರು ನನ್ನ ಕೈಗೆ ಕೊಡುತ್ತಾರೆ. ಮೂರೇ ಸಾಲು, ಒಂದೊಂದೂ ಹಾಳೆಯ ಈ ಅಂಚಿನಿಂದ ಆ ಅಂಚಿಗೆ. ‘ನೀನು ಕರೆಯುವ ತನಕ ನಾನು ಅಲ್ಲಿಗೆ ಬರುವುದಿಲ್ಲ. ನೀನೊಬ್ಬಳೇ ಬಸ್ಸು ಹತ್ತಿಕೊಂಡು ಇಲ್ಲಿಗೆ ಬರಬೇಡ. ಮತ್ತೆ ಒಂದೇ ಮನೆಯಲ್ಲಿದ್ದರೆ ಇಬ್ಬರಿಗೂ ಒಳ್ಳೆಯದು.’ ಫೋನ್ ನಂಬರಿಗೆ ಹತ್ತು ಅಂಕಿ ಇದೆ.

“ಎಂಟು ವರ್ಷ ಅಮ್ಮ. ನಾನು ಕರೀಲಿ ಅಂತ ಅವಳು ಕೂತಿದ್ದಾಳೆ. ನಾನು ಅರ್ಧ ಓದಿ ಮುನಿಸ್ಕೊಂಡು ಕೂತಿದ್ದೀನಿ.” ಆವತ್ತೇ ನಂಬರು ಒತ್ತಿದರು. ಆ ನಂಬರು ಈಗ ಚಾಲ್ತಿಯಲ್ಲಿಲ್ಲ. ಉಳಿದದ್ದು ಕಾಗದದಲ್ಲಿದ್ದ ವಿಳಾಸವೊಂದೇ.

ಹಾಗಾದರೆ ಈ ಒಂದು ವರ್ಷ ಯಾಕೆ ಬರೆಯಲಿಲ್ಲ? ಮೊದಲ ದಿನ ಕೇಳಿದಾಗ ಇಟ್ಟಿಗೆ ಸರಿಸಿ ಇನ್ನೊಂದು ಬೆಡ್‌ಶೀಟು ಹರಡಿದರು. ನಾನೂ ಒತ್ತಾಯ ಮಾಡಲಿಲ್ಲ. ಮಾರನೇ ದಿನ ಮತ್ತೆ ಹೋಗಿ ಕೂತೆ. ಮೂರನೇ ದಿನ, ಬೆಡ್‌ಶೀಟು ಮಡಿಸುತ್ತಾ ತಾವಾಗಿಯೇ ಹೇಳಿದರು. “ಬರೆದಿದ್ದೀನಿ. ಹತ್ತು ಸಲ ಬರೆದು ಹರಿದಿದ್ದೀನಿ. ಹಾಕದೇ ಇರೋವರೆಗೂ ಅಕ್ಕ ಆ ವಿಳಾಸದಲ್ಲೇ ಇರ್ತಾಳೆ ಅಲ್ವಾ? ಹಾಕಿ, ಅದು ವಾಪಸ್ ಬಂದ್ರೆ?”

ನಾಲ್ಕನೇ ದಿನ ಕೋಣೆಗೆ ಹೊಸಬರೊಬ್ಬರು ಬಂದರು. ಹೊಸಬರಲ್ಲ, ಹಳಬರು, ಎಂಟು ವರ್ಷ ಬೇರೆ ಆಸ್ಪತ್ರೆಯಲ್ಲಿದ್ದು ಹೋದ ವಾರವಷ್ಟೇ ವರ್ಗವಾಗಿ ಮರಳಿದ ಹೆಡ್ ನರ್ಸ್. ಬೆಡ್‌ಶೀಟು ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ನೀನಾ! ಹದಿನಾಲ್ಕನೇ ಬೆಡ್ಡು! ಎದ್ದು ಓಡಾಡ್ತಿದ್ದೀಯಲ್ಲೇ! ನಿಮ್ಮಕ್ಕ ಎಲ್ಲಿ?”

“ದೂರದಲ್ಲಿದ್ದಾಳೆ ನರ್ಸಮ್ಮ.”

“ಪುಣ್ಯಾತ್ಗಿತ್ತಿ. ನಿನ್ನ ಬೆಡ್ಡಿನ ಪಕ್ಕದ ಸ್ಟೂಲ್ ಸವೆಸಿಬಿಟ್ಟಿದ್ಳು. ನಾವೇ ಹೇಳಿದ್ವಿ, ಎಡಗಡೆನೇ ಕೂರಮ್ಮ, ಅವಳು ಆ ಕಡೆ ತಿರುಗೋದು ಕಲೀಬೇಕು ಅಂತ. ನೀನು ಬಲಗಡೆ ಗೋಡೆ ನೋಡ್ಕೊಂಡು ‘ಅಕ್ಕ ಬರಲಿಲ್ಲ, ಅಕ್ಕ ಬರಲಿಲ್ಲ’ ಅಂತ ಕಿರುಚೋದು. ಅವಳು ಒಂದ್ಸಲನಾದ್ರೂ ಬಲಗಡೆ ಬಂದು ಮುಖ ತೋರಿಸಿದ್ರೆ ನಿನಗೆ ಸಮಾಧಾನ ಆಗ್ತಿತ್ತು. ಬರಲಿಲ್ಲ. ‘ನಾನು ಆ ಕಡೆ ಹೋದ್ರೆ ಇವಳು ಈ ಕಡೆ ತಿರುಗೋದೇ ಇಲ್ಲ’ ಅನ್ನೋಳು. ಸೆರಗು ಬಾಯಿಗೆ ತುರುಕ್ಕೊಂಡು ಅಳೋಳು. ಯಾಕೆ, ನಿನಗೆ ಗೊತ್ತಿರಲಿಲ್ವಾ?”

ಮಿಷನ್ನಿನ ಚಕ್ರದ ಮೇಲಿದ್ದ ಸೂಜಕ್ಕನ ಬಲಗೈ ಅಲ್ಲೇ ನಿಂತಿತು. ಆಮೇಲೆ ನಾನು ಈ ನಾಲ್ಕು ದಿನದಲ್ಲಿ ನೋಡಿರದ ಒಂದು ಕೆಲಸ ಮಾಡಿದರು. ಸುತ್ತು ಹಾಕಲಿಲ್ಲ. ಕತ್ತನ್ನು ಮೆಲ್ಲಗೆ, ನೋವು ಕೊಡುವಷ್ಟು ಮೆಲ್ಲಗೆ, ಎಡಕ್ಕೇ ತಿರುಗಿಸಿದರು. ಅಲ್ಲಿ ಬಟ್ಟೆ ಗಂಟೊಂದು ಬಿಟ್ಟರೆ ಏನೂ ಇರಲಿಲ್ಲ. ಅದನ್ನೇ ಬಹಳ ಹೊತ್ತು ನೋಡಿದರು.

ನರ್ಸಮ್ಮ ಹೋದ ಮೇಲೆ ಒಂದು ಬಿಳಿ ಹಾಳೆ ತೆಗೆದು, ಮಿಷನ್ನಿನ ಪಾದದಡಿ ಇಟ್ಟು, ಎಡ ಅಂಚಿನುದ್ದಕ್ಕೂ ಕೆಂಪು ಹೊಲಿಗೆ ಹಾಕುತ್ತಾರೆ. ಈ ಸಲ ದಾರ ಎಳೆದು ತೆಗೆಯುವುದಿಲ್ಲ. ಹಾಳೆಯ ಮೇಲೆ ಇಟ್ಟಿಗೆ ಕೂರುತ್ತದೆ. ಬರೆಯಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಸಾಲುಗಳು ನಾಲ್ಕೇ. ಓದಬಹುದೇ ಎಂದು ನಾನು ಕೇಳುವ ಮೊದಲೇ ನನ್ನ ಮುಂದೆ ಹಿಡಿಯುತ್ತಾರೆ. ಪ್ರತಿ ಸಾಲೂ ಕೆಂಪನ್ನು ಮುಟ್ಟಿಕೊಂಡೇ ಶುರುವಾಗಿದೆ.

‘ಅಕ್ಕ, ನಿನ್ನ ಕಾಗದ ಪೂರ್ತಿ ಓದಿದೆ.
ನೀನು ಎಡಗಡೆ ಕೂತಿದ್ದೆ ಅಂತ ಇವತ್ತು ಗೊತ್ತಾಯಿತು.
ಸುಳ್ಳಿ ಅಂದದ್ದು ನನ್ನ ತಪ್ಪು.
ಕರೆಯುತ್ತಿದ್ದೇನೆ, ಬಾ.’

ಲಕೋಟೆಯ ಮೇಲೆ ವಿಳಾಸ ಬರೆಯುವಾಗ ಮುಖದಲ್ಲಿ ನಗು ಸುಳಿಯುತ್ತದೆ. “ವಿಳಾಸ ಬಲಗಡೆ ಬರೀಬೇಕಲ್ಲಮ್ಮ. ಅಂಚೆಯವರು ನನಗೋಸ್ಕರನೇ ಮಾಡಿರೋ ನಿಯಮ ಇದು.”

ಅಂಚೆಪೆಟ್ಟಿಗೆ ಆಸ್ಪತ್ರೆಯ ಗೇಟಿನ ಪಕ್ಕದಲ್ಲಿದೆ, ಎಡಕ್ಕೆ. ಸೂಜಕ್ಕ ಬಲಕ್ಕೆ ಮುಕ್ಕಾಲು ಸುತ್ತು ಹಾಕಿ ಅದರ ಎದುರು ನಿಲ್ಲುತ್ತಾರೆ. ಅಕ್ಕ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

“ಎಡಗಡೆನೇ ಕೂರಿಸ್ಕೋತೀನಿ. ಅಲ್ಲೇ ಅವಳ ಜಾಗ. ಕಾಣೋದಿಲ್ಲ, ನಿಜ. ಆದ್ರೆ ಈಗ ಗೊತ್ತಲ್ಲ.”

ಲಕೋಟೆಯನ್ನು ಒಮ್ಮೆ ತಲೆಕೆಳಗು ಮಾಡಿ ನೋಡುತ್ತಾರೆ, ಏನೂ ಬಿಟ್ಟುಹೋಗಿಲ್ಲ ತಾನೇ ಎಂದು. ಆಮೇಲೆ ಪೆಟ್ಟಿಗೆಯ ಬಾಯಿಗೆ ಹಾಕುತ್ತಾರೆ. ಒಳಗೆ ಅದು ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸುತ್ತದೆ.